ರಿಗ್ ಹಡಗು ಹತ್ತೋ ಮುಂಚೆ

ಕೇಳುಗರಿಗೆ ನಮಸ್ಕಾರ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿ ಮಾಲೀಕರ ಸುದ್ದಿ ಎಲ್ಲೆಡೆ ಬಂತು. ಟಿಪ್ಪರ್, ನೆಲ ಕೊರೆಯುವ ಡ್ರಿಲ್ ರಿಗ್ ಬಾಡಿಗೆಗೆ ಬಿಡುವವರ ಸುದ್ದಿ ಅಷ್ಟಾಗಿ ಬರಲಿಲ್ಲ. ಗಣಿ ನಿಂತರೂ ಸಾಲದ ಕಂತು ನಿಲ್ಲೋದಿಲ್ಲ ಅಲ್ವಾ? ಅಂಥವರಲ್ಲಿ ಹೊರದೇಶದ ಕೆಲಸದ ಮೇಲೆ ಕಣ್ಣಿಟ್ಟವರಿಗೆ ಇವತ್ತಿನ ಮಾತು. ಉದಾಹರಣೆಗೆ ಚಿನ್ನದ ಗಣಿಗಳ ಟಾಂಜಾನಿಯಾವನ್ನೇ ತಗೊಳ್ಳೋಣ.

ಅಲ್ಲಿನ 2018ರ ನಿಯಮದ ಪ್ರಕಾರ, ಹೊರಗಿನ ಕಂಪನಿ ಗಣಿಗೆ ಸೇವೆ ಕೊಡಬೇಕಾದರೆ ಸ್ಥಳೀಯ ಕಂಪನಿಯ ಜತೆ ಸೇರಿ ಜಂಟಿ ಕಂಪನಿ ಕಟ್ಟಬೇಕು. ಅದರಲ್ಲಿ ಸ್ಥಳೀಯರಿಗೆ ಕನಿಷ್ಠ ಶೇ 20 ಪಾಲು. ಸುಮ್ನೆ ಹೆಸರಿಗೊಬ್ಬ ಪಾಲುದಾರನನ್ನು ತೋರಿಸಿದರೆ ಅದೇ ಅಪರಾಧ. ಆಮೇಲೆ ತಿದ್ದುಪಡಿಗಳೂ ಆಗಿವೆ. ಟೆಂಡರ್ ಹಾಕುವ ಹೊತ್ತಿಗೆ ಯಾವ ನಿಯಮ ಇದೆಯೋ ಅದನ್ನೇ ನೋಡಿ.

ಇಲ್ಲಿಂದ ಬಂಡವಾಳ ಕಳಿಸೋದು ಬ್ಯಾಂಕಿನ ಮೂಲಕವೇ. 2022ರ ಸಾಗರೋತ್ತರ ಹೂಡಿಕೆ ನಿಯಮದಲ್ಲಿ ಮಿತಿ ಕಂಪನಿಯ ನಿವ್ವಳ ಮೌಲ್ಯದ, ಅಂದ್ರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದರ, ಶೇ 400. ನಮ್ಮ ಕಡೆಯ ಹೆಚ್ಚಿನವರಿಗೆ ಈ ಮಿತಿ ತೊಡಕಾಗಲಾರದು.

ತೊಡಕೆಲ್ಲ ತೆರಿಗೆಯಲ್ಲಿ. ನಿಮ್ಮ ಎಂಜಿನಿಯರುಗಳನ್ನು ಕಳಿಸಿ ಇಲ್ಲಿಂದಲೇ ಜಂಟಿ ಕಂಪನಿಗೆ 100 ರೂಪಾಯಿ ಬಿಲ್ ಮಾಡಿದಿರಿ ಅಂದುಕೊಳ್ಳಿ. ಖರ್ಚು 90, ಲಾಭ 10. ಹೊರದೇಶದವರ ಸೇವಾ ಶುಲ್ಕಕ್ಕೆ ಟಾಂಜಾನಿಯಾ ಶೇ 15 ಹಿಡಿದುಕೊಳ್ಳುತ್ತದೆ. ಲಾಭದ ಮೇಲಲ್ಲ, ಇಡೀ ಬಿಲ್ಲಿನ ಮೇಲೆ. 15 ಹೋಯಿತು. ಅಲ್ಲಿ ಕಟ್ಟಿದ ತೆರಿಗೆ ಇಲ್ಲಿ ವಜಾ ಆಗುತ್ತಲ್ಲ ಅಂತೀರಿ. ಆಗುತ್ತದೆ, ಆದರೆ ಅದೇ ಲಾಭಕ್ಕೆ ಇಲ್ಲಿ ಬೀಳುವ ತೆರಿಗೆಯಷ್ಟು ಮಾತ್ರ. 10 ರೂಪಾಯಿಗೆ ಇಲ್ಲಿ ಸುಮಾರು ಎರಡೂವರೆ. ಉಳಿದ ಹನ್ನೆರಡೂವರೆ ನಿಮ್ಮ ಕೈಯಿಂದಲೇ. ಲಾಭ ಹತ್ತೇ ಇತ್ತು!

ಹಾಗಾಗಿ ದರ ಕೋಟ್ ಮಾಡೋ ಮುಂಚೆಯೇ ಎರಡು ದೇಶಗಳ ತೆರಿಗೆ ಒಪ್ಪಂದ ತೆಗೆದು, ಈ ಹಣಕ್ಕೆ ಏನು ಹೇಳಿದೆ ಓದಿಸಿ. ಹಿಡಿಯುವ ತೆರಿಗೆ ಯಾರ ತಲೆಗೆ ಅಂತ ಕರಾರಿನಲ್ಲೇ ಬರೆಸಿ. ನಿಮ್ಮ ಜನ ಅಲ್ಲಿ ಎಷ್ಟು ದಿನ ಇದ್ದರು ಅನ್ನೋದಕ್ಕೂ ಲೆಕ್ಕ ಬೇಕು. ದಿನ ಜಾಸ್ತಿಯಾದರೆ ಅಲ್ಲಿ ನಿಮಗೊಂದು ಕಾಯಂ ನೆಲೆ ಇದೆ ಅಂತ ಹೇಳಿ, ಲಾಭಕ್ಕೇ ತೆರಿಗೆ ಕೇಳಬಹುದು.

ಇನ್ನು 2017. ಅದಿರಿನ ಸಾಂದ್ರ, ಅಂದ್ರೆ ಅದಿರನ್ನು ಪುಡಿಮಾಡಿ ಲೋಹದ ಅಂಶ ಹೆಚ್ಚಿಸಿದ ಸರಕನ್ನು, ಹೊರಗೆ ಕಳಿಸೋದನ್ನು ಟಾಂಜಾನಿಯಾ ನಿಷೇಧಿಸಿತು. ಅಕೇಶಿಯಾ ಅನ್ನೋ ಚಿನ್ನದ ಕಂಪನಿಗೆ 190 ಬಿಲಿಯನ್ ಡಾಲರ್ ಬೇಡಿಕೆಯ ನೋಟಿಸು ಹೋಯಿತು. ಕಡೆಗೆ 300 ಮಿಲಿಯನ್‌ಗೆ ರಾಜಿ. ಆದರೆ ಅಷ್ಟರೊಳಗೆ ಬುಲ್ಯಾನ್‌ಹುಲು ಗಣಿಯ ಕೆಲಸ ಕುಗ್ಗಿತ್ತು. ಇಂಥ ಜಗಳದಲ್ಲಿ ರಿಗ್ ಕೊಟ್ಟವನು ಯಾರ ಕಡೆಯೂ ಅಲ್ಲ, ಅವನ ಬಿಲ್ ಮಾತ್ರ ಬಾಕಿ. ಕೆಲಸ ನಿಂತ ದಿನಗಳ ಬಾಡಿಗೆ, ಯಂತ್ರ ವಾಪಸ್ ತರೋ ಖರ್ಚು, ಎರಡನ್ನೂ ಕರಾರಿನಲ್ಲಿ ಸೇರಿಸಿ. ಅಲ್ಲಿ ತೆರಿಗೆ ಹಿಡಿದ ಸರ್ಟಿಫಿಕೇಟನ್ನು ಪ್ರತಿ ಬಿಲ್ಲಿಗೂ ಆಗಿಂದಾಗಲೇ ಕೇಳಿ ತಗೊಳ್ಳಿ. ಆ ಪುರಾವೆ ಇಲ್ಲದಿದ್ದರೆ ಆ ಎರಡೂವರೆ ರೂಪಾಯಿಯ ವಜಾ ಕೂಡ ಸಿಗೋದು ಕಷ್ಟ.