ಹೊಸ ಕಾರ್ಡ್ ತರುವ ಮುಂಚೆ ಎಸ್‌ಎಂಪಿಎಸ್ ಲೇಬಲ್ ಓದಿ

ಎಲ್ಲರಿಗೂ ನಮಸ್ಕಾರ.

ಆಟದ ನಡುವೆ ಕಂಪ್ಯೂಟರ್ ಪಟ್ ಅಂತ ಆಫ್ ಆಗುವುದನ್ನು ನೋಡಿದ್ದೀರಾ? ನೀಲಿ ಪರದೆ ಬರುವುದಿಲ್ಲ, ಎಚ್ಚರಿಕೆಯ ಸಾಲೂ ಬರುವುದಿಲ್ಲ. ಫ್ಯಾನ್ ಸದ್ದು ನಿಂತುಹೋಗುತ್ತದೆ, ಅಷ್ಟೇ. ನನಗೆ ಹಾಗಾಗಿದ್ದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನವೇ. ವಿಡಿಯೊ ಚೆನ್ನಾಗಿ ಓಡುತ್ತಿತ್ತು, ಬ್ರೌಸರ್ ಚೆನ್ನಾಗಿತ್ತು, ಆಟ ಶುರು ಮಾಡಿದ ಹತ್ತೇ ನಿಮಿಷಕ್ಕೆ ಬಂದ್. ಎರಡು ದಿನ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ತೆಗೆದೆ, ಮತ್ತೆ ಹಾಕಿದೆ, ವಿಂಡೋಸನ್ನೇ ಹೊಸದಾಗಿ ಹಾಕಿದೆ, ಕೊನೆಗೆ ಕಾರ್ಡೇ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಲು ಡಬ್ಬಿಗೂ ತುಂಬಿದೆ. ಆಮೇಲೆ ಯಾಕೋ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು, ಎಸ್‌ಎಂಪಿಎಸ್ ಮೇಲಿದ್ದ ಲೇಬಲ್ ಓದಿದೆ. ಉತ್ತರ ಅಲ್ಲೇ ಇತ್ತು.

ಎಸ್‌ಎಂಪಿಎಸ್ ಅಂದರೆ ಪವರ್ ಸಪ್ಲೈ. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಪೆಟ್ಟಿಗೆ. ನನ್ನದರ ಮೇಲೆ ದೊಡ್ಡ ಅಕ್ಷರದಲ್ಲಿ 500 ಅಂತ ಇತ್ತು. ಅದರ ಕೆಳಗೆ ಒಂದು ಚಿಕ್ಕ ಪಟ್ಟಿ. 3.3 ವೋಲ್ಟ್‌ಗೆ ಎಷ್ಟು ಆಂಪ್ಸ್, 5 ವೋಲ್ಟ್‌ಗೆ ಎಷ್ಟು, 12 ವೋಲ್ಟ್‌ಗೆ ಎಷ್ಟು ಅಂತ. ನಾವು ನೋಡಬೇಕಾದ್ದು ಆ 12 ವೋಲ್ಟ್ ಸಾಲನ್ನು. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್, ಇವೆರಡೂ ಹೆಚ್ಚುಕಡಿಮೆ ಪೂರ್ತಿ ಆ 12 ವೋಲ್ಟ್ ಮೇಲೇ ಬದುಕುತ್ತವೆ. ನನ್ನದರಲ್ಲಿ ಅಲ್ಲಿ 25 ಆಂಪ್ಸ್ ಅಂತ ಬರೆದಿತ್ತು. 12 ಗುಣಿಸು 25, 300 ವ್ಯಾಟ್. ಉಳಿದ 200 ವ್ಯಾಟ್ ಇದ್ದದ್ದು 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿ. ಕಾರ್ಡಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನನ್ನ ಹೊಸ ಕಾರ್ಡ್ ಕೇಳುತ್ತಿದ್ದದ್ದು 170 ವ್ಯಾಟ್, ಪ್ರೊಸೆಸರ್ ಜೋರಾಗಿ ಓಡುವಾಗ 120. ಅಲ್ಲಿಗೇ 290 ಆಯಿತಲ್ವಾ? ಫ್ಯಾನು, ಡಿಸ್ಕು, ಮದರ್‌ಬೋರ್ಡ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ. ಕಾರ್ಡ್ ಆರ್ಡರ್ ಮಾಡುವ ಮುಂಚೆ ಮುಚ್ಚಳ ತೆಗೆಯಿರಿ. ಆ ಲೇಬಲ್ಲಿನ ಫೋಟೊ ತೆಗೆದು ಇಟ್ಟುಕೊಳ್ಳಿ.

ಕಾರ್ಡಿಗೆ ಕರೆಂಟ್ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಮದರ್‌ಬೋರ್ಡಿನಲ್ಲಿ ಅದು ಕೂತಿರುವ ಸ್ಲಾಟ್. ಅಲ್ಲಿಂದ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ. ಇನ್ನೊಂದು, ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಕೇಬಲ್. 6 ಪಿನ್ನಿನದಾದರೆ 75 ವ್ಯಾಟ್, 8 ಪಿನ್ನಿನದಾದರೆ 150. ಹಾಗಾಗಿ ಕಾರ್ಡಿನ ಮೇಲಿರುವ ಸಾಕೆಟ್ ನೋಡಿದರೇ ಅದರ ಹಸಿವು ಅಂದಾಜಾಗುತ್ತದೆ. ಜಿಟಿಎಕ್ಸ್ 1050 ಟಿಐ ಥರದ 75 ವ್ಯಾಟಿನ ಕಾರ್ಡುಗಳಲ್ಲಿ ಎಷ್ಟೋ ಮಾದರಿಗಳಿಗೆ ಕೇಬಲ್ಲೇ ಬೇಡ. ಆರ್‌ಟಿಎಕ್ಸ್ 4090 ಅಂದರೆ 450 ವ್ಯಾಟ್. ಅಂಥ ಕಾರ್ಡುಗಳಿಗಾಗಿಯೇ 2022ರಲ್ಲಿ 16 ಪಿನ್ನಿನ ಹೊಸ ಕನೆಕ್ಟರ್ ಬಂತು. ಅದೊಂದರಲ್ಲೇ 600 ವ್ಯಾಟ್ ತನಕ ಹೋಗಬಹುದು. ಅದೇ ವರ್ಷ ಕೆಲವರ ಕಾರ್ಡುಗಳಲ್ಲಿ ಆ ಕನೆಕ್ಟರ್ ಕರಗಿಹೋದ ಸುದ್ದಿಯೂ ಬಂತು, ಪೂರ್ತಿ ಒಳಗೆ ಕೂರಿಸದೆ ಇದ್ದದ್ದು ಅದಕ್ಕೆ ಒಂದು ಕಾರಣ ಎಂದು ಗೊತ್ತಾಯಿತು, ಮುಂದಿನ ವರ್ಷ ಅದನ್ನು ತಿದ್ದಿ ಹೊಸ ರೂಪವನ್ನೂ ತಂದರು.

ಇನ್ನೊಂದು ವಿಷಯ. ಇದು ಗೊತ್ತಿಲ್ಲದೆ ತುಂಬಾ ಜನ ಒದ್ದಾಡುತ್ತಾರೆ. ಡಬ್ಬಿಯ ಮೇಲೆ 200 ವ್ಯಾಟ್ ಅಂತ ಇದ್ದರೆ ಕಾರ್ಡ್ ಸದಾ 200ರಲ್ಲೇ ಇರುತ್ತದೆ ಅಂತಲ್ಲ, ಅದು ಸರಾಸರಿ. ಪರದೆಯಲ್ಲಿ ದೃಶ್ಯ ಬದಲಾದಾಗ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು, ಅದಕ್ಕಿಂತ ಎಷ್ಟೋ ಜಾಸ್ತಿ ಎಳೆದುಬಿಡುತ್ತದೆ. ಕೆಲವು ಕಾರ್ಡುಗಳು ಎರಡು ಪಟ್ಟಿನ ಹತ್ತಿರಕ್ಕೂ ಹೋಗುತ್ತವೆ. ಎಸ್‌ಎಂಪಿಎಸ್ ಒಳಗಿನ ರಕ್ಷಣೆಯ ಸರ್ಕ್ಯೂಟ್ ಇದನ್ನು ನೋಡಿ, ಎಲ್ಲೋ ಶಾರ್ಟ್ ಆಗಿದೆ ಅಂತ ತಿಳಿದು ಎಲ್ಲವನ್ನೂ ಬಂದ್ ಮಾಡುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ನಾವು ಡ್ರೈವರ್ ಬೈಯುತ್ತಾ ಕೂತಿರುತ್ತೇವೆ. ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ 2022ರ ಎಟಿಎಕ್ಸ್ 3.0 ನಿಯಮ ಬಂದದ್ದರ ಹಿಂದೆ ಈ ತೊಂದರೆಯೂ ಇದೆ. ಆ ನಿಯಮದ ಪ್ರಕಾರ ಮಾಡಿದ ದೊಡ್ಡ ಎಸ್‌ಎಂಪಿಎಸ್ ತನ್ನ ಶಕ್ತಿಯ ಎರಡು ಪಟ್ಟು ಭಾರವನ್ನು 100 ಮೈಕ್ರೊಸೆಕೆಂಡ್ ತನಕ ಆಫ್ ಆಗದೆ ತಡೆಯಬೇಕು. ಹೊಸದು ಕೊಳ್ಳುವವರು ಡಬ್ಬಿಯ ಮೇಲೆ ಎಟಿಎಕ್ಸ್ 3.0 ಅಥವಾ 3.1 ಅಂತ ಇದೆಯಾ ನೋಡಿ.

ಹಾಗಾದರೆ ಎಷ್ಟು ವ್ಯಾಟಿನದು ತರಬೇಕು? ಕಾರ್ಡ್ ಕಂಪನಿಯವರೇ ಒಂದು ಸಂಖ್ಯೆ ಹೇಳಿರುತ್ತಾರೆ. 115 ವ್ಯಾಟಿನ ಆರ್‌ಟಿಎಕ್ಸ್ 4060ಕ್ಕೆ 550, 200 ವ್ಯಾಟಿನ 4070ಕ್ಕೆ 650, 4090ಕ್ಕೆ 850. ಇಷ್ಟೊಂದು ಯಾಕೆ ಅನಿಸಬಹುದು. ಅದು ಇಡೀ ಕಂಪ್ಯೂಟರಿಗೆ ಹೇಳಿದ ಲೆಕ್ಕ, ಜೊತೆಗೆ ಆ ಕ್ಷಣದ ಎಳೆತಕ್ಕೂ ಜಾಗ ಬಿಟ್ಟಿರುತ್ತಾರೆ. ನಾನು ಆ ಸಂಖ್ಯೆಗಿಂತ ಕೆಳಗೆ ಹೋಗುವುದಿಲ್ಲ. ಸುಮ್ನೆ 1000 ವ್ಯಾಟಿನದು ತಂದು ಇಡುವುದೂ ಇಲ್ಲ. ಹೆಸರಿಲ್ಲದ 750ಕ್ಕಿಂತ ಒಳ್ಳೆಯ 550 ಎಷ್ಟೋ ಮೇಲು. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಗುರುತನ್ನೂ ನೋಡಿ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಮಾತ್ರ. ಪೆಟ್ಟಿಗೆ ಎಷ್ಟು ಗಟ್ಟಿ ಅಂತ ಅದು ಹೇಳುವುದಿಲ್ಲ. ಅದಕ್ಕೆ ಬಿಚ್ಚಿ ಪರೀಕ್ಷೆ ಮಾಡಿದವರು ಬರೆದ ವಿಮರ್ಶೆಗಳನ್ನೇ ಓದಬೇಕು.

ಕಂಪನಿಯವರು ಜೋಡಿಸಿ ಕೊಟ್ಟ ಡೆಸ್ಕ್‌ಟಾಪ್ ಇದ್ದವರು ಇನ್ನೂ ಹುಷಾರಾಗಿರಬೇಕು. ಅವುಗಳಲ್ಲಿ ಕೆಲವಕ್ಕೆ ಎಸ್‌ಎಂಪಿಎಸ್ ಆಕಾರವೇ ಬೇರೆ, ಮದರ್‌ಬೋರ್ಡಿಗೆ ಹೋಗುವ ಪಿನ್ನೂ ಬೇರೆ. ಮಾಮೂಲಿ ಎಟಿಎಕ್ಸ್ ಪೆಟ್ಟಿಗೆ ಅಲ್ಲಿ ಕೂರುವುದೇ ಇಲ್ಲ. ಹಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಸ್ಲಾಟಿನ ಕರೆಂಟಲ್ಲೇ ಓಡುವ ಕಾರ್ಡ್ ಹುಡುಕಿ. 6 ಜಿಬಿಯ ಆರ್‌ಟಿಎಕ್ಸ್ 3050 ಬರೀ 70 ವ್ಯಾಟಿನದು.

ಈಗ ಕೇಬಲ್ ವಿಷಯ. ಇದನ್ನು ಒತ್ತಿ ಹೇಳುತ್ತೇನೆ. ಹಳೇ ಎಸ್‌ಎಂಪಿಎಸ್ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಬಿಡಿ ಕೇಬಲ್ ಇರುವ ಮಾಡ್ಯುಲರ್ ಪೆಟ್ಟಿಗೆಗಳಲ್ಲಿ, ಎಸ್‌ಎಂಪಿಎಸ್ ಕಡೆಯ ಪಿನ್ನುಗಳಿಗೆ ಎಲ್ಲರೂ ಒಪ್ಪಿದ ಒಂದು ಕ್ರಮ ಅಂತ ಇಲ್ಲ. ತುದಿ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ಹೋಗುತ್ತದೆ, ಡಿಸ್ಕ್ ಸುಟ್ಟುಹೋಗುತ್ತದೆ, ಅದರ ಜೊತೆ ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳೂ ಹೋಗುತ್ತವೆ. ಮೂಲೆಯಲ್ಲಿದ್ದ ಹಳೇ ಕೇಬಲ್ ಎಳೆಯುವುದು ತಪ್ಪುತ್ತದೆ ಅಂತ ಮಾಡುವ ಕೆಲಸ ಇದು. ದಯವಿಟ್ಟು ಎಲ್ಲ ಕೇಬಲ್ಲನ್ನೂ ಬದಲಾಯಿಸಿ. ಹಾಗೆಯೇ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕೇಬಲ್ಲನ್ನು 6 ಪಿನ್ ಮಾಡುವ ಅಡಾಪ್ಟರ್ ಬೇಡ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ತಡೆಯುವುದೇ ಸುಮಾರು 54 ವ್ಯಾಟ್, ಅದರಿಂದ 75 ಎಳೆದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗಬಹುದು. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆಬೇರೆ ಕೇಬಲ್ ತನ್ನಿ.

ಜೋಡಿಸುವಾಗ ಪ್ಲಗ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ, ಆಮೇಲೆ ಕೈ ಹಾಕಿ. ಪ್ರೊಸೆಸರಿನ 8 ಪಿನ್, ಕಾರ್ಡಿನ 8 ಪಿನ್ ನೋಡಲು ಒಂದೇ ಥರ. ಆದರೆ ಪ್ರೊಸೆಸರಿನದು 4 ಮತ್ತು 4 ಆಗಿ ಸೀಳುತ್ತದೆ, ಕಾರ್ಡಿನದು 6 ಮತ್ತು 2 ಆಗಿ. ಕೂರದಿದ್ದರೆ ಬಲ ಹಾಕಬೇಡಿ, ತಪ್ಪು ಕೇಬಲ್ ಹಿಡಿದಿದ್ದೀರಿ ಅಂತ ಅರ್ಥ. ಸರಿಯಾದದ್ದು ಕೂತಾಗ ಕೊಕ್ಕೆ ಕಟ್ ಅನ್ನುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ತೆಗೆದ ಹಳೇ ಪೆಟ್ಟಿಗೆಯನ್ನು ಕುತೂಹಲಕ್ಕೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯುವಷ್ಟು ಚಾರ್ಜ್ ಹಿಡಿದಿರಬಹುದು.

ನಾನು ಡಬ್ಬಿಗೆ ತುಂಬಿದ್ದ ಕಾರ್ಡನ್ನೇ ಮತ್ತೆ ಹೊರಗೆ ತೆಗೆದು, ಹೊಸ 650ರ ಜೊತೆ ಹಾಕಿ, ಅದೇ ಆಟ ಹಚ್ಚಿದೆ. ಹತ್ತು ನಿಮಿಷ ದಾಟಿತು. ಗಂಟೆ ದಾಟಿತು. ಫ್ಯಾನ್ ಸದ್ದು ನಿಲ್ಲಲಿಲ್ಲ.

ನಮಸ್ಕಾರ.