ತಪ್ಪಾದರೆ ಮತ್ತೆ ಕೇಳಿ, ಬೇಡ ಅಂದರೆ ಬಿಡಿ

ಎಲ್ಲರಿಗೂ ನಮಸ್ಕಾರ. ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಇದ್ದರೂ ಕಲ್ಯಾಣ, ಮುಲುಂಡ್ ಕಡೆಯಿಂದ ಇಷ್ಟು ಜನ ಮುಂಬೈಯ ಮಾಟುಂಗಕ್ಕೆ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಕಾಲೇಜಲ್ಲಿ ನಿಮಗೆ ಪಾಠ ಇಂಗ್ಲಿಷಲ್ಲಿ, ಗೆಳೆಯರ ಜೊತೆ ಮಾತು ಹಿಂದಿ, ಮರಾಠಿಯಲ್ಲಿ. ಇವತ್ತು ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟಿನ ಒಂದೇ ಒಂದು ವಿಷಯವನ್ನು ಕನ್ನಡದಲ್ಲಿ ಬಿಡಿಸಿ ನೋಡೋಣ. ಬಳಸುವವರು ತಪ್ಪು ಉತ್ತರ ಕೊಟ್ಟರೆ ಮತ್ತೆ ಕೇಳುವುದು ಹೇಗೆ?

ಇಲ್ಲಿ ಎಷ್ಟೋ ಜನರ ಮನೆಯವರು ಹೋಟೆಲ್ ನಡೆಸುತ್ತಾರೆ, ಅದಕ್ಕೆ ಉದಾಹರಣೆಯೂ ಅಲ್ಲಿಂದಲೇ. ‘ಎಷ್ಟು ಪ್ಲೇಟ್ ಇಡ್ಲಿ?’ ಅಂತ ಪ್ರಾಂಪ್ಟ್ ಹಾಕುತ್ತೇವೆ, ಅಂದರೆ ಪ್ರಶ್ನೆ ತೋರಿಸಿ ಉತ್ತರ ಬರೆಸಿಕೊಳ್ಳುವ ಪುಟ್ಟ ಪೆಟ್ಟಿಗೆ. 1ರಿಂದ 20ರ ಒಳಗೆ ಉತ್ತರ ಬರಬೇಕು. ಹೊಸಬರು ಸಾಮಾನ್ಯವಾಗಿ ‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ಒಂದು ಇಫ್ ಬರೆದು, ತಪ್ಪಿದ್ದರೆ ಇನ್ನೊಂದು ಸಲ ಕೇಳುತ್ತಾರೆ. ಎರಡನೇ ಸಲವೂ ತಪ್ಪು ಬಂದರೆ? ಅದು ಸೀದಾ ಬಿಲ್ಲಿಗೆ ಹೋಗುತ್ತದೆ. ಎಷ್ಟು ಸಲ ಕೇಳಬೇಕು ಅಂತ ಮೊದಲೇ ಗೊತ್ತಿಲ್ಲದ ಕಡೆ ವೈಲ್ ಲೂಪ್ ಬೇಕು, ಷರತ್ತು ನಿಜವಾಗಿರುವಷ್ಟು ಹೊತ್ತು ಅದು ಅದೇ ಕೆಲಸ ಮತ್ತೆ ಮತ್ತೆ ಮಾಡುತ್ತದೆ. ಒಂದು ಸಲವಾದರೂ ಕೇಳಲೇಬೇಕು ಅಲ್ವಾ, ಅದಕ್ಕೆ ಮೊದಲು ಕೆಲಸ ಮಾಡಿ ಆಮೇಲೆ ಷರತ್ತು ನೋಡುವ ಡೂ ವೈಲ್ ಇನ್ನೂ ಚೆನ್ನಾಗಿ ಹೊಂದುತ್ತದೆ. ಆದರೆ ಉತ್ತರ ಇಡುವ ಹೆಸರಿಟ್ಟ ಜಾಗವನ್ನು, ಅಂದರೆ ವೇರಿಯಬಲ್ಲನ್ನು, ಡೂ ಮುಂದಿನ ಕರ್ಲಿ ಬ್ರ್ಯಾಕೆಟ್ ಒಳಗೆ ಲೆಟ್ ಅನ್ನುವ ಪದ ಹಾಕಿ ಬರೆದರೆ, ಕೊನೆಯಲ್ಲಿರುವ ವೈಲ್ ಷರತ್ತಿಗೆ ಅದು ಕಾಣಿಸುವುದಿಲ್ಲ. ಲೂಪಿನ ಹೊರಗೆ, ಮೇಲೆಯೇ ಬರೆಯಿರಿ.

ಈಗ ಷರತ್ತು. ಸ್ವಲ್ಪ ಗಮನ ಕೊಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಪ್ರಾಂಪ್ಟ್ ಕೊಡುವುದು ಅಕ್ಷರಗಳ ಸ್ಟ್ರಿಂಗ್, ಅದನ್ನು ನಂಬರ್ ಫಂಕ್ಷನ್ನಿಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳುತ್ತೇವೆ. ‘1ಕ್ಕಿಂತ ಕಡಿಮೆ ಅಥವಾ 20ಕ್ಕಿಂತ ಹೆಚ್ಚಿದ್ದರೆ ಮತ್ತೆ ಕೇಳು’ ಅಂತ ಬರೆದರೆ ನೋಡುವುದಕ್ಕೆ ಸರಿಯಾಗಿಯೇ ಇದೆ. ಯಾರಾದರೂ ‘ಎರಡು’ ಅಂತ ಅಕ್ಷರದಲ್ಲಿ ಟೈಪ್ ಮಾಡಲಿ, ಅಥವಾ ಫೋನಿನ ಕನ್ನಡ ಕೀಬೋರ್ಡಿನಿಂದ ೨ ಅಂತ ಒತ್ತಲಿ. ಜಾವಾಸ್ಕ್ರಿಪ್ಟಿಗೆ ಕನ್ನಡ ಅಂಕಿ ಅರ್ಥವಾಗುವುದಿಲ್ಲ, ಎರಡಕ್ಕೂ ನ್ಯಾನ್ ಬರುತ್ತದೆ, ಅಂದರೆ ಸಂಖ್ಯೆಯೇ ಅಲ್ಲದ್ದು. ನ್ಯಾನ್ 1ಕ್ಕಿಂತ ಕಡಿಮೆಯಾ? ಇಲ್ಲ. 20ಕ್ಕಿಂತ ಹೆಚ್ಚಾ? ಅದೂ ಇಲ್ಲ. ಕಡಿಮೆಯಾ, ಹೆಚ್ಚಾ ಅಂತ ಯಾವುದರ ಜೊತೆ ಹೋಲಿಸಿದರೂ ಫಾಲ್ಸ್, ಅಂದರೆ ಸುಳ್ಳು, ಹಾಗಾಗಿ ಲೂಪ್ ತಣ್ಣಗೆ ಮುಗಿದು ಬಿಲ್ಲಿನಲ್ಲಿ ನ್ಯಾನ್ ರೂಪಾಯಿ ಅಂತ ಬರುತ್ತದೆ. ಅದಕ್ಕೇ ಯಾವುದು ತಪ್ಪು ಅಂತ ಹುಡುಕಲು ಹೋಗಬೇಡಿ, ಯಾವುದು ಸರಿ ಅಂತ ಪೂರ್ತಿ ಬ್ರ್ಯಾಕೆಟ್ ಒಳಗೆ ಬರೆದು ಅದರ ಮುಂದೆ ‘ಅಲ್ಲ’ ಅನ್ನುವ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ‘1ರಿಂದ 20ರ ಒಳಗಿನ ಪೂರ್ಣಾಂಕ ಆಗಿರದಿದ್ದರೆ ಮತ್ತೆ ಕೇಳು.’ ಪೂರ್ಣಾಂಕವೋ ಅಂತ ನೋಡಲು ನಂಬರ್ ಡಾಟ್ ಈಸ್‌ಇಂಟಿಜರ್ ಇದೆ, ಎರಡೂವರೆ ಪ್ಲೇಟೂ ಅಲ್ಲೇ ನಿಲ್ಲುತ್ತದೆ.

ಇನ್ನು ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಕ್ಯಾನ್ಸಲ್ ಬಟನ್ ಬಗ್ಗೆ. ಅದನ್ನು ಒತ್ತಿದರೆ ಪ್ರಾಂಪ್ಟ್ ನಲ್ ಕೊಡುತ್ತದೆ, ಅಂದರೆ ಉತ್ತರವೇ ಇಲ್ಲ ಅಂತ. ಏನೂ ಬರೆಯದೆ ಓಕೆ ಒತ್ತಿದರೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ನಂಬರ್ ಫಂಕ್ಷನ್ನಿಗೆ ಹಾಕಿದ ಮೇಲೆ ಎರಡೂ 0 ಆಗುತ್ತವೆ, ವ್ಯತ್ಯಾಸವೇ ಅಳಿಸಿ ಹೋಗುತ್ತದೆ! 0 ತಪ್ಪು ಉತ್ತರ ಅಂತ ಲೂಪ್ ಮತ್ತೆ ಕೇಳುತ್ತದೆ, ಅವರು ಮತ್ತೆ ಕ್ಯಾನ್ಸಲ್ ಒತ್ತುತ್ತಾರೆ, ಅದು ಮತ್ತೆ ಕೇಳುತ್ತದೆ. ಪ್ರಾಂಪ್ಟ್ ತೆರೆದಿರುವಾಗ ಆ ಪುಟದಲ್ಲಿ ಬೇರೆ ಏನನ್ನೂ ಒತ್ತಲು ಆಗುವುದಿಲ್ಲ. ಬೇಡ ಅಂದವರನ್ನು ಹಾಗೆ ಹಿಡಿದಿಡುವ ಹಕ್ಕು ನಮಗಿಲ್ಲ. ಊಟ ಬೇಡ ಅಂತ ಎದ್ದವರ ತಟ್ಟೆಗೆ ನಾವು ಬಡಿಸುತ್ತಲೇ ಇರುತ್ತೇವಾ?

ಆದ್ದರಿಂದ ಸಂಖ್ಯೆ ಮಾಡುವ ಮೊದಲೇ ಉತ್ತರ ನಲ್ ಆಗಿದೆಯಾ ಅಂತ ನೋಡಿ, ಆಗಿದ್ದರೆ ಲೂಪ್ ನಿಲ್ಲಿಸುವ ಬ್ರೇಕ್ ಹಾಕಿ ಹೊರಗೆ ಬನ್ನಿ. ಹೊರಗೆ ಬಂದ ಮೇಲೂ ಬಿಲ್ ಮಾಡುವ ಮುನ್ನ ಒಂದು ಇಫ್ ಇರಲಿ, ಯಾಕೆಂದರೆ ಲೂಪ್ ಮುಗಿದಿದೆ ಅಂದ ಮಾತ್ರಕ್ಕೆ ಆರ್ಡರ್ ಬಂದಿದೆ ಅಂತ ಇಲ್ಲ. ಎರಡನೇ ಸಲ ಕೇಳುವಾಗ ಅದೇ ಪ್ರಶ್ನೆಯನ್ನು ಸುಮ್ನೆ ತೋರಿಸಬೇಡಿ. ‘1ರಿಂದ 20ರ ಒಳಗೆ, ಇಂಗ್ಲಿಷ್ ಅಂಕಿಯಲ್ಲಿ ಬರೆಯಿರಿ’ ಅಂತ ಕಾರಣ ಹೇಳಿ, ಪಾಪ, ಅವರಿಗೆ ಏನು ತಪ್ಪಾಯಿತು ಅಂತ ಹೇಗೆ ಗೊತ್ತಾಗಬೇಕು.

ಈಗ ಲ್ಯಾಪ್‌ಟಾಪ್ ತೆಗೆಯಿರಿ. ಬ್ರೌಸರಿನಲ್ಲೇ ಓಡಿಸಿ, ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ರಾಂಪ್ಟ್ ಇಲ್ಲ, ಎರರ್ ಬರುತ್ತದೆ. ಬರೆದಾದ ಮೇಲೆ ಪಕ್ಕದವರ ಕೈಗೆ ಕೊಡಿ, ಅವರು ಮೊದಲು ಕ್ಯಾನ್ಸಲ್ ಒತ್ತಿ ನೋಡಲಿ.