ಅಂಡಾಣು, ವೀರ್ಯಾಣು ಕೂಡುವ ಜಾಗ

ಕೇಳುಗರಿಗೆ ನಮಸ್ಕಾರ. ಗರ್ಭ ಕಟ್ಟುವುದು ಎಲ್ಲಿ ಎಂದು ಕೇಳಿದರೆ ಹೆಚ್ಚಿನವರು ಗರ್ಭಾಶಯದಲ್ಲಿ ಎಂದುಬಿಡುತ್ತಾರೆ. ಹೆಸರೇ ಹಾಗಿರುವಾಗ ಅವರನ್ನು ದೂರುವಂತಿಲ್ಲ. ಆದರೆ ವೀರ್ಯಾಣುವೂ ಅಂಡಾಣುವೂ ಒಂದಾಗುವ ಕ್ರಿಯೆ, ಅಂದರೆ ಫಲೀಕರಣ, ಸಾಮಾನ್ಯವಾಗಿ ನಡೆಯುವುದು ಅಂಡನಾಳದಲ್ಲಿ. ಅದರಲ್ಲೂ ಅಂಡಾಶಯದ ಕಡೆಗಿರುವ, ಆಂಪುಲ್ಲಾ ಎಂದು ಕರೆಯುವ ಅಗಲವಾದ ಭಾಗದಲ್ಲಿ.

ಗರ್ಭಾಶಯದ ಎರಡೂ ಪಕ್ಕಗಳಿಂದ ಹೊರಡುವ ಈ ನಾಳಗಳು ತಲಾ 10ರಿಂದ 12 ಸೆಂಟಿಮೀಟರ್ ಉದ್ದವಿರುತ್ತವೆ. ಗರ್ಭಾಶಯದ ಬಳಿ ತೀರ ಕಿರಿದಾಗಿರುವ ನಾಳವು ಮುಂದೆ ಸಾಗಿದಂತೆ ಅಗಲವಾಗುತ್ತಾ, ತುದಿಯಲ್ಲಿ ಸೆರಗಿನ ಕುಚ್ಚಿನಂತೆ ಎಳೆಎಳೆಯಾಗಿ ಅಂಡಾಶಯದ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಇಟಲಿಯ ಅಂಗರಚನಾ ತಜ್ಞ ಗೇಬ್ರಿಯೆಲೆ ಫೆಲೋಪಿಯೊ 1561ರಲ್ಲಿ ಇದನ್ನು ತುತ್ತೂರಿಗೆ ಹೋಲಿಸಿದ್ದು ಈ ಆಕಾರವನ್ನು ಕಂಡೇ. ಅಲ್ಲಿ ನಡೆಯುವುದೇನೆಂದು ಆತನಿಗೆ ತಿಳಿಯುವ ದಾರಿಯಿರಲಿಲ್ಲ; ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ.

ಅಂಡಾಶಯದಿಂದ ಹೊರಬಿದ್ದ ಅಂಡಾಣುವನ್ನು ನಾಳದ ಕುಚ್ಚುಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ. ಅದರ ಅಡ್ಡಗಲ ಸುಮಾರು 0.1 ಮಿಲಿಮೀಟರ್, ಆಯುಷ್ಯ ಹೆಚ್ಚೆಂದರೆ ಒಂದು ದಿನ. ನಾಳವನ್ನು ದಾಟಿ ಗರ್ಭಾಶಯ ತಲುಪಲು ಮೂರು ನಾಲ್ಕು ದಿನ ಬೇಕು. ಗರ್ಭಾಶಯದಲ್ಲೇ ವೀರ್ಯಾಣು ಕಾದಿದ್ದರೆ ಅದರ ಕೈಗೆ ಸಿಗುವುದು ಸತ್ತ ಅಂಡಾಣು ಮಾತ್ರ. ಆದ್ದರಿಂದ ವೀರ್ಯಾಣುವೇ ಮೇಲೇರಿ ಬರಬೇಕು. ಒಳಸೇರಿದ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಆಂಪುಲ್ಲಾವನ್ನು ತಲುಪುವುವು ಕೆಲವು ನೂರು ಅಷ್ಟೇ. ಮೊದಲು ಮುಟ್ಟಿದವನೇ ಗೆದ್ದ ಎಂಬ ಓಟದ ಕಥೆ ಕೇಳಲು ಸೊಗಸು, ಆದರೆ ಪೂರ್ತಿ ನಿಜವಲ್ಲ. ಸ್ತ್ರೀ ದೇಹದೊಳಗೆ ಕೆಲವು ಗಂಟೆ ಕಳೆದು, ತಲೆಯ ಮೇಲಿನ ಪೊರೆ ಮಾರ್ಪಡುವ ತನಕ ವೀರ್ಯಾಣುವಿಗೆ ಅಂಡಾಣುವನ್ನು ಭೇದಿಸುವ ಶಕ್ತಿಯೇ ಬರುವುದಿಲ್ಲ. ಐದು ದಿನದವರೆಗೂ ಬದುಕಬಲ್ಲ ವೀರ್ಯಾಣುಗಳು ಅಂಡಾಣು ಬಿಡುಗಡೆಯಾಗುವ ಮೊದಲೇ ಬಂದು ಕಾದಿರುವುದೂ ಉಂಟು.

ಆಂಪುಲ್ಲಾದ ಒಳಗೋಡೆ ಮಡಿಕೆ ಮಡಿಕೆಯಾಗಿದೆ. ಆ ಮಡಿಕೆಗಳ ನಡುವೆ, ಸುತ್ತಲೂ ಅಂಟಿದ ಪುಟ್ಟ ಜೀವಕೋಶಗಳ ಮೋಡದೊಳಗೆ ಅಂಡಾಣು ಕುಳಿತಿರುತ್ತದೆ. ವೀರ್ಯಾಣು ಈ ಮೋಡವನ್ನು ಸೀಳಿ, ಒಳಗಿನ ದಪ್ಪ ಹೊದಿಕೆಯನ್ನು ಕೊರೆದು ಅಂಡಾಣುವಿನಲ್ಲಿ ಬೆರೆತೊಡನೆ ಆ ಹೊದಿಕೆ ಗಡುಸಾಗಿ ಉಳಿದವುಗಳಿಗೆ ಬಾಗಿಲು ಮುಚ್ಚುತ್ತದೆ.

ಫಲಿತ ಅಂಡಾಣು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಲೇ ಗರ್ಭಾಶಯದತ್ತ ಸಾಗುತ್ತದೆ. ನಾಳದಲ್ಲೇ ಸಿಕ್ಕಿಬಿದ್ದು ಬೆಳೆಯತೊಡಗಿದರೆ ನಾಳ ಒಡೆದು ತಾಯಿಯ ಪ್ರಾಣಕ್ಕೇ ಕುತ್ತು ಬರಬಹುದು.

ನಾಳಗಳೆರಡೂ ಮುಚ್ಚಿಕೊಂಡಿದ್ದರೆ ಅಂಡಾಣು, ವೀರ್ಯಾಣುಗಳ ಭೇಟಿಯೇ ಆಗದು. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿದ ಮೊದಲ ಪ್ರನಾಳ ಶಿಶುವಿನ ತಾಯಿಗೆ ಇದ್ದದ್ದು ಇದೇ ತೊಂದರೆ. ಆಂಪುಲ್ಲಾದಲ್ಲಿ ಆಗಬೇಕಾದ ಕೆಲಸವನ್ನು ವೈದ್ಯರು ಗಾಜಿನ ತಟ್ಟೆಯಲ್ಲಿ ಮುಗಿಸಿ, ಎಂಟು ಕೋಶಗಳ ಭ್ರೂಣವನ್ನು ನೇರವಾಗಿ ಗರ್ಭಾಶಯದಲ್ಲಿಟ್ಟರು.